ಡಬ್ಬಿ ಮುಚ್ಚಳದ ಸ್ವಿಚ್ಚು

ಹಾಜರಿ ಕರೆಯುವಾಗ 19ನೇ ನಂಬರು ಬಂದರೆ ಕ್ಲಾಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಟೀಚರ್ ತಲೆ ಎತ್ತಿ ಮೊದಲ ಬೆಂಚಿನ ತುದಿ ನೋಡುತ್ತಿದ್ದರು. ಅವಳು ಬಂದಿದ್ದಾಳೆ. ಟಿಕ್. 20ನೇ ನಂಬರು. ಇಂಟರ್ನ್‌ಶಿಪ್‌ಗೆ ಹೋದ ಮೊದಲ ವಾರ ನಾನೂ ಹಾಗೇ ಮಾಡಿದೆ. ಎರಡನೇ ವಾರ ಒಂದು ದಿನ ಅವಳ ಮುಖ ನೋಡಿದೆ. ಅವಳು ಬಾಯಿ ತೆರೆದು ಏನೋ ಹೇಳಲು ಹೊರಟಿದ್ದಳು. ಅಷ್ಟರಲ್ಲಿ ನಾನು 20ಕ್ಕೆ ಹೋಗಿಬಿಟ್ಟಿದ್ದೆ.

ನಾನು ಮೈಸೂರಿನಲ್ಲಿ ಬಿ.ಎಡ್ ಎರಡನೇ ವರ್ಷ ಓದುತ್ತಿದ್ದೇನೆ. ವಿಜ್ಞಾನ ನನ್ನ ವಿಷಯ. 16 ವಾರದ ಇಂಟರ್ನ್‌ಶಿಪ್ ನಂಜನಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಅವಳು ಅಲ್ಲಿ 8ನೇ ತರಗತಿ. ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಕೈಕಾಲು ಅವಳು ಹೇಳಿದಂತೆ ಕೇಳುವುದಿಲ್ಲ, ಮಾತು ಸ್ಪಷ್ಟವಾಗಿ ಹೊರಡುವುದಿಲ್ಲ. ಕಿವಿ ಚುರುಕು, ಕಣ್ಣು ಚುರುಕು, ಓದಲು ಬರುತ್ತದೆ. ಹೌದು ಅನ್ನಲು ಕಣ್ಣು ಮೇಲೆತ್ತುತ್ತಾಳೆ. ಬೇಡ ಅನ್ನಲು ಮುಖ ಆ ಕಡೆ ತಿರುಗಿಸುತ್ತಾಳೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಪಕ್ಕದಲ್ಲಿ ಕೂರುವ ಗೆಳತಿ, ಟೀಚರ್‌ಗಳಲ್ಲ.

ಕಾಲೇಜಿನಲ್ಲಿ ಸಮನ್ವಯ ಶಿಕ್ಷಣದ, ಅಂದರೆ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವುದರ ಪತ್ರಿಕೆ ಇದೆ, ಐಸಿಟಿ (ಮಾಹಿತಿ ತಂತ್ರಜ್ಞಾನ) ಪತ್ರಿಕೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆದರೆ ಒಂದು ಸ್ವಿಚ್ಚನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಒಂದೇ ಗುಂಡಿ ಒತ್ತಲು ಬಂದರೂ ಕಂಪ್ಯೂಟರ್ ನಡೆಸಬಹುದು ಎಂದು ಪುಸ್ತಕದಲ್ಲಿ ಇತ್ತು. ಅಂಥ ಸ್ವಿಚ್ಚುಗಳನ್ನು ಅಂಗಡಿಯಿಂದ ತರಿಸಿದರೆ ಸಾವಿರಗಟ್ಟಲೆ ಆಗುತ್ತದೆ. ಒಳಗೆ ಇರುವುದು ಎರಡು ತಂತಿ ಮುಟ್ಟಿಸುವ ಕೆಲಸ, ಅಷ್ಟೇ. ಮಾಡಿಯೇ ನೋಡೋಣ ಅನ್ನಿಸಿತು.

ಮೊದಲ ಪ್ರಯತ್ನ: ಹಳೇ ಮೌಸು

ಗುಜರಿ ಅಂಗಡಿಯಲ್ಲಿ 50 ರೂಪಾಯಿಗೆ ಯುಎಸ್‌ಬಿ ಮೌಸ್ ಸಿಕ್ಕಿತು. ಸೋಲ್ಡರಿಂಗ್ ಐರನ್ನು, ಮಲ್ಟಿಮೀಟರನ್ನು ನಮ್ಮ ಬೀದಿಯಲ್ಲಿ ಟಿವಿ ರಿಪೇರಿ ಮಾಡುವ ಅಂಕಲ್ ಕೊಟ್ಟರು. ಅವರೇ ಪಕ್ಕದಲ್ಲಿ ಕೂತು ನನ್ನ ಮೊದಲ ನಾಲ್ಕು ಬೆಸುಗೆ ನೋಡಿದರು.

ಮೌಸಿನ ತಳದ ಸ್ಟಿಕ್ಕರ್ ಕೆಳಗೆ ಒಂದು ಸ್ಕ್ರೂ ಇರುತ್ತದೆ. ಬಿಚ್ಚಿದರೆ ಎಡ ಗುಂಡಿಯ ಕೆಳಗೆ ಸಣ್ಣ ಕಪ್ಪು ಪೆಟ್ಟಿಗೆ. ಅದೇ ಕ್ಲಿಕ್ ಮಾಡುವ ಮೈಕ್ರೋಸ್ವಿಚ್. ಅದಕ್ಕೆ ಮೂರು ಕಾಲು. ಯಾವ ಎರಡು ಬೇಕು? ಮೌಸನ್ನು ಕಂಪ್ಯೂಟರ್‌ನಿಂದ ತೆಗೆದು, ಮೀಟರನ್ನು ಬೀಪ್‌ಗೆ ಇಟ್ಟು (ಎರಡು ತುದಿಗೆ ಸಂಪರ್ಕ ಇದ್ದರೆ ಸದ್ದು ಬರುತ್ತದೆ), ಎರಡೆರಡು ಕಾಲು ಮುಟ್ಟಿಸುತ್ತಾ ಗುಂಡಿ ಒತ್ತಿ ನೋಡಬೇಕು. ಒತ್ತಿದಾಗ ಮಾತ್ರ ಬೀಪ್ ಬರುವ ಜೋಡಿ ನಮ್ಮದು. ಒತ್ತದೇ ಇದ್ದಾಗ ಬೀಪ್ ಬಂದರೆ ಅದು ತಪ್ಪು ಜೋಡಿ. ಆ ಎರಡು ಕಾಲಿಗೆ ಎರಡು ತಂತಿ ಬೆಸೆದು, ಇನ್ನೊಂದು ತುದಿಗೆ 3.5 ಮಿ.ಮೀ. ಸಾಕೆಟ್ ಹಾಕಿದೆ. ಹೆಡ್‌ಫೋನ್ ಚುಚ್ಚುವಂಥದ್ದು. ಈ ಬಗೆಯ ಸ್ವಿಚ್ಚುಗಳಿಗೆ ಎಲ್ಲ ಕಡೆಯೂ 3.5 ಮಿ.ಮೀ. ಮೋನೋ ಪ್ಲಗ್ಗೇ ರೂಢಿ. ಹಾಗಾಗಿ ನಾಳೆ ಯಾರಾದರೂ ಒಳ್ಳೆಯ ಸ್ವಿಚ್ ಕೊಟ್ಟರೂ ಅದೇ ಸಾಕೆಟ್‌ಗೆ ಚುಚ್ಚಬಹುದು.

ಇಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಪ್ಲಗ್ ಚುಚ್ಚಿದ ಕೂಡಲೇ ಎಡ ಕ್ಲಿಕ್ ಒತ್ತಿಕೊಂಡೇ ಇರುತ್ತಿತ್ತು. ತೆಗೆದರೆ ಸರಿ. ಬೆಸುಗೆ ಎಲ್ಲೋ ಅಂಟಿಕೊಂಡಿದೆ ಎಂದು ಮೂರು ಸಲ ಬಿಚ್ಚಿ ಮಾಡಿದೆ. ಕೊನೆಗೆ ಅಂಕಲ್ ಸಾಕೆಟ್ ತಿರುಗಿಸಿ ನೋಡಿ, "ಇದು ಸ್ಟೀರಿಯೋ ಕಣಮ್ಮ" ಅಂದರು. ಸ್ಟೀರಿಯೋ ಸಾಕೆಟ್ ಒಳಗೆ ಮೂರು ಪಟ್ಟಿ: ತುದಿಗೊಂದು, ನಡುವಿಗೊಂದು, ಬುಡಕ್ಕೊಂದು. ಮೋನೋ ಪ್ಲಗ್‌ನಲ್ಲಿ ಎರಡೇ ಭಾಗ. ಅದರ ಉದ್ದ ಬುಡ, ಸಾಕೆಟ್ಟಿನ ನಡುವಿನ ಪಟ್ಟಿಯನ್ನೂ ಬುಡದ ಪಟ್ಟಿಯನ್ನೂ ಒಟ್ಟಿಗೆ ಮುಟ್ಟುತ್ತದೆ. ನಾನು ಆ ಎರಡಕ್ಕೇ ತಂತಿ ಬೆಸೆದಿದ್ದೆ. ಒಂದು ತಂತಿಯನ್ನು ತುದಿಯ ಪಟ್ಟಿಗೆ ಬದಲಿಸಿದೆ, ಸರಿಹೋಯಿತು. ಬೆಸೆಯುವ ಮೊದಲೇ ಪ್ಲಗ್ ಚುಚ್ಚಿ ಮೀಟರ್ ಹಿಡಿದು ನೋಡಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಮೌಸಿನ ತಳದ ಬೆಳಕಿನ ಕಣ್ಣಿಗೆ ಕಪ್ಪು ಟೇಪ್ ಹಚ್ಚಿದೆ. ಇಲ್ಲದಿದ್ದರೆ ಮೌಸ್ ಅಲುಗಿದಾಗಲೆಲ್ಲ ಪರದೆಯ ಬಾಣ ಓಡುತ್ತದೆ.

ಇನ್ನು ಒತ್ತುವ ಗುಂಡಿ. ಉಪ್ಪಿನಕಾಯಿ ಡಬ್ಬಿಯ ಹಳದಿ ಮುಚ್ಚಳ, ಅಂಗೈ ಅಗಲ. ತಳಕ್ಕೆ ಪ್ಲೈವುಡ್ ತುಂಡು. ನಡುವೆ ಲಿವರ್, ಅಂದರೆ ಒತ್ತುವ ಸಣ್ಣ ಪಟ್ಟಿ ಇರುವ ಮೈಕ್ರೋಸ್ವಿಚ್, 30 ರೂಪಾಯಿ. ಆ ಮೋನೋ ಪ್ಲಗ್ಗಿನ ತಂತಿ ಬರುವುದು ಇದರಿಂದಲೇ. ಸ್ಪ್ರಿಂಗ್ ಬದಲು ಸವೆದ ಹವಾಯಿ ಚಪ್ಪಲಿಯ ರಬ್ಬರ್, ನಾಲ್ಕು ಮೂಲೆಗೆ ನಾಲ್ಕು ತುಂಡು. ಸ್ಪಂಜಿಗಿಂತ ಇದು ಎಷ್ಟೋ ವಾಸಿ. ಒತ್ತಿದಷ್ಟೇ ಬೇಗ ಮೇಲೆದ್ದು ಬರುತ್ತದೆ. ಮೊದಲು ನಡುವೆ ಒತ್ತಿದರೆ ಮಾತ್ರ ಕೆಲಸ ಮಾಡುತ್ತಿತ್ತು, ಅಂಚಿಗೆ ಒತ್ತಿದರೆ ಮುಚ್ಚಳ ವಾಲಿ ಸುಮ್ಮನಾಗುತ್ತಿತ್ತು. ಮೈಕ್ರೋಸ್ವಿಚ್ ಕೆಳಗೆ ರಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ಎತ್ತರ ಮಾಡಿದೆ. ಮುಚ್ಚಳಕ್ಕೂ ಲಿವರಿಗೂ ನಡುವೆ ಒಂದು ಕಾಗದ ತೂರುವಷ್ಟು ಜಾಗ ಉಳಿದಾಗ ಎಲ್ಲಿ ಮುಟ್ಟಿದರೂ ಟಕ್ ಅಂದಿತು.

ಎಲ್ಲಿ ಇಡುವುದು

ಸೋಮವಾರ ಬೆಳಿಗ್ಗೆ ಶಾಲೆಗೆ ಒಯ್ದೆ. ಸ್ಟೋರಿವೀವರ್‌ನಿಂದ ಒಂದು ಕನ್ನಡ ಕಥೆ ಇಳಿಸಿಕೊಂಡು, ಒಂದು ಸ್ಲೈಡಿಗೆ ಒಂದು ಪುಟದಂತೆ ಜೋಡಿಸಿದ್ದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ ಅದು. ಕಥೆಗಳನ್ನು ಹಂಚಲು, ಬದಲಿಸಲು ಅನುಮತಿ ಇದೆ, ಕರ್ತೃಗಳ ಹೆಸರು ಹಾಕಬೇಕು ಅಷ್ಟೇ. ಸ್ಲೈಡ್ ಶೋನಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಮುಂದಿನ ಪುಟ ಬರುತ್ತದೆ. ಒಂದು ಗುಂಡಿ, ಒಂದು ಪುಸ್ತಕ.

ಅವಳ ಮುಂದೆ, ಬಲಗೈ ಹತ್ತಿರ, ಡೆಸ್ಕಿನ ಮೇಲೆ ಇಟ್ಟೆ. ಅವಳು ಕೈ ಎತ್ತಲು ಹೋದಳು. ಕೈ ಎದ್ದಿತು, ಜೊತೆಗೆ ಭುಜ ಬಿಗಿಯಾಯಿತು, ಕುತ್ತಿಗೆ ಹಿಂದೆ ಹೋಯಿತು, ಕಾಲು ನೆಟ್ಟಗಾಯಿತು. ಮುಚ್ಚಳ ಮುಟ್ಟುವಷ್ಟರಲ್ಲಿ ಪರದೆಯೇ ಅವಳಿಗೆ ಕಾಣುತ್ತಿರಲಿಲ್ಲ. ಐದು ನಿಮಿಷದಲ್ಲಿ ಹಣೆ ಮೇಲೆ ಬೆವರು. ಪುಟ ತಿರುಗಿದಾಗ ಲ್ಯಾಪ್‌ಟಾಪ್ ಜೋರಾಗಿ ಸದ್ದು ಮಾಡಿತು, ಅವಳು ಬೆಚ್ಚಿದಳು. ನಾನು ನಿಲ್ಲಿಸಿದೆ. ನಿಜವಾಗಿ ಬಹಳ ನೋವಾಯಿತು. ಸ್ವಿಚ್ಚು ಸರಿಯಾಗಿತ್ತು, ಮೀಟರಿನಲ್ಲಿ ನೋಡಿದ್ದೆ. ಅವಳ ಕೈಯಿಂದ ನೋಡಿರಲಿಲ್ಲ.

ಆ ವಾರ ತಾಲ್ಲೂಕಿನ ಬಿಐಇಆರ್‌ಟಿ ಮೇಡಂ ಬಂದರು. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ. ಅವರು ಸ್ವಿಚ್ಚನ್ನು ನೋಡಲೇ ಇಲ್ಲ. ಮೊದಲು ಅವಳ ಪಾದ ನೋಡಿದರು. "ಕಾಲು ತೂಗಾಡ್ತಿದೆ ನೋಡಿ. ಕಾಲಿಗೆ ನೆಲ ಇಲ್ಲದೆ ಕೈ ಹೇಗೆ ಕೆಲಸ ಮಾಡುತ್ತೆ?" ಅಂದರು. ಎರಡು ಇಟ್ಟಿಗೆ, ಮೇಲೆ ಒಂದು ಹಲಗೆ, ಅದರ ಮೇಲೆ ಗೋಣಿ ತುಂಡು. ಬೆನ್ನ ಹಿಂದೆ ಮಡಚಿದ ಜಮಖಾನ. ಅಷ್ಟಕ್ಕೇ ಅವಳ ಕುತ್ತಿಗೆ ಎಷ್ಟೋ ಸಡಿಲವಾಯಿತು.

ಸಂಜೆ ಕರೆದುಕೊಂಡು ಹೋಗಲು ಅವಳ ತಾಯಿ ಬಂದಾಗ ಕೇಳಿದೆ, "ಅಕ್ಕ, ಮನೇಲಿ ಅವಳು ಬೇಕು ಅಂತ ತಾನಾಗೇ ಏನು ಮಾಡ್ತಾಳೆ? ಕಷ್ಟ ಇಲ್ಲದೆ ಮಾಡುವಂಥದ್ದು?"

"ಬಲಗೈ ಮಾತು ಕೇಳಲ್ಲ ಮೇಡಂ. ಊಟ ಸಾಕಾದ್ರೆ ತಟ್ಟೇನ ಎಡಗೈ ಹಿಂಬದೀಲಿ ಹಿಂಗೆ ಆಚೆಗೆ ತಳ್ತಾಳೆ. ಎಷ್ಟು ತಟ್ಟೆ ಬೀಳ್ಸಿದ್ದಾಳೆ ಗೊತ್ತಾ!"

ಚಿಕ್ಕವಳಿದ್ದಾಗ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಎತ್ತಿಕೊಂಡು ಹೋದ ತಾಯಿ ಅವರು. ಮಗಳ ಮೈಯ ಒಂದೊಂದು ಚಲನೆಯೂ ಅವರಿಗೆ ಗೊತ್ತು. ನಾನು ಅವರನ್ನು ಮೊದಲ ದಿನವೇ ಕೇಳಬೇಕಿತ್ತು. ಮೈಕ್ರೋಸ್ವಿಚ್ ಖರೀದಿಸುವ ಮೊದಲೇ.

ಹಾಗಾದರೆ ಗುಂಡಿ ಮಲಗಿರಬಾರದು. ಎಡಗಡೆ ನಿಂತಿರಬೇಕು, ಅವಳು ಕೈಯ ಹಿಂಬದಿಯಿಂದ ಆಚೆ ತಳ್ಳಬೇಕು. ಪ್ಲೈವುಡ್ಡನ್ನು ಎಲ್ ಆಕಾರದಲ್ಲಿ ಜೋಡಿಸಿ, ಬಡಗಿಗಳ ಸಿ-ಕ್ಲ್ಯಾಂಪಿನಿಂದ ಡೆಸ್ಕಿನ ಅಂಚಿಗೆ ಬಿಗಿದೆ. ಕ್ಲ್ಯಾಂಪ್ 120 ರೂಪಾಯಿ. ಈ ಇಡೀ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದ ಸಾಮಾನು ಅದೇ. ಎರಡು ಬೆರಳಷ್ಟು ಹಿಂದೆ ಸರಿಸಿದರೆ ತಾಗುತ್ತಿರಲಿಲ್ಲ, ಮುಂದೆ ತಂದರೆ ಸುಮ್ನೆ ತಾನಾಗೇ ತಾಗುತ್ತಿತ್ತು. ಸರಿಯಾದ ಜಾಗ ಸಿಕ್ಕ ಮೇಲೆ ಡೆಸ್ಕಿಗೆ ಕೆಂಪು ಪೇಂಟ್‌ನಿಂದ ಗುರುತು ಹಾಕಿದೆ. ಸದ್ದನ್ನೂ ಕಮ್ಮಿ ಮಾಡಿದೆ.

ಅವಳು ತಳ್ಳಿದಳು. ಪುಟ ತಿರುಗಿತು. ಅವಳ ತಲೆ ನೆಟ್ಟಗೆ ಇತ್ತು, ಕಣ್ಣು ಪರದೆ ಮೇಲೇ ಇತ್ತು.

ಎರಡು ಪುಟ ಹಾರುವುದು

ಖುಷಿ ಮೂರು ದಿನ. ಆಮೇಲೆ ಗಮನಿಸಿದೆ, ಅವಳು ಒಂದು ಸಲ ತಳ್ಳಿದರೆ ಎರಡು ಮೂರು ಪುಟ ಹಾರುತ್ತಿತ್ತು. ಕೈ ಹಿಂದಕ್ಕೆ ಬರುವಾಗ ನಡುಗಿ ಮತ್ತೆ ತಾಗುತ್ತಿತ್ತು. ಹಾರಿದ ಪುಟಕ್ಕೆ ವಾಪಸ್ ಹೋಗಲು ಅವಳ ಹತ್ತಿರ ಇನ್ನೊಂದು ಗುಂಡಿ ಇಲ್ಲ. ಪ್ರತಿ ಸಲ ನಮ್ಮ ಮುಖ ನೋಡಬೇಕು. ಸ್ವಂತ ಓದು ಅಂತ ಕೊಟ್ಟು ಮತ್ತೆ ನಮ್ಮನ್ನೇ ಕಾಯುವಂತೆ ಮಾಡಿದರೆ ಏನು ಬಂತು?

ಒಂದು ಹಳೇ ಕೀಬೋರ್ಡ್ ಬಿಚ್ಚಿ, ಸ್ಪೇಸ್ ಕೀಯ ಎರಡು ಗೆರೆ ಹುಡುಕಿ ತಂತಿ ಬೆಸೆಯಲು ನೋಡಿದೆ. ಸ್ಪೇಸ್ ಒತ್ತಿದರೂ ಸ್ಲೈಡ್ ಮುಂದೆ ಹೋಗುತ್ತದೆ. ಜೊತೆಗೆ ವಿಂಡೋಸ್‌ನಲ್ಲಿ ಫಿಲ್ಟರ್ ಕೀ ಎಂಬ ಸೌಲಭ್ಯ ಇದೆ, ಬೇಗ ಬೇಗ ಬಿದ್ದ ಒತ್ತುಗಳನ್ನು ಬಿಟ್ಟುಬಿಡುತ್ತದೆ. ಅದು ಕೀಬೋರ್ಡಿಗೆ ಮಾತ್ರ, ಮೌಸಿಗೆ ಇಲ್ಲ. ಯೋಚನೆ ಸರಿ ಇತ್ತು. ಆದರೆ ಕೀಬೋರ್ಡ್ ಬೋರ್ಡಿನ ಪಟ್ಟಿಗಳ ಮೇಲೆ ಕಾರ್ಬನ್ ಲೇಪ ಇರುತ್ತದೆ, ಅದಕ್ಕೆ ಸೀಸ ಹಿಡಿಯುವುದಿಲ್ಲ. ಕೆರೆದು ತಾಮ್ರ ಕಾಣಿಸಲು ಹೋಗಿ ಒಂದು ಪಟ್ಟಿಯನ್ನೇ ಕಿತ್ತೆ. ಇನ್ನೊಂದು ತೊಂದರೆಯೂ ಹೊಳೆಯಿತು. ಆ ಸೆಟ್ಟಿಂಗ್ ಇರುವುದು ಕಂಪ್ಯೂಟರಿನಲ್ಲಿ. ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೆ ಮತ್ತೆ ಮೊದಲಿನಿಂದ ಮಾಡಬೇಕು. ನಾನು 16 ವಾರದ ಮೇಲೆ ಅಲ್ಲಿ ಇರುವುದಿಲ್ಲ. ಆ ಬುದ್ಧಿ ಸ್ವಿಚ್ಚಿನ ಒಳಗೇ ಇರಬೇಕು.

ಅದಕ್ಕೆ ಪ್ರೋ ಮೈಕ್ರೋ ಎಂಬ ಬೆರಳುದ್ದದ ಬೋರ್ಡ್ ತಂದೆ, 480 ರೂಪಾಯಿ. ಅದರಲ್ಲಿರುವ ಎಟಿಮೆಗಾ32ಯು4 ಚಿಪ್ ಕಂಪ್ಯೂಟರಿಗೆ ತನ್ನನ್ನು ಕೀಬೋರ್ಡ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಇಂಥ ಬೋರ್ಡಿಗೆ ಪ್ರೋಗ್ರಾಂ ಬರೆದು ತುಂಬುವ ಆರ್ಡುಯಿನೋ ತಂತ್ರಾಂಶದಲ್ಲಿ ಲಿಯೊನಾರ್ಡೊ ಬೋರ್ಡ್ ಎಂದು ಆರಿಸಿಕೊಳ್ಳಬೇಕು. ಸಾಕೆಟ್ಟಿನ ಒಂದು ತಂತಿ 2ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಗುಂಡಿ ಒತ್ತದಿದ್ದಾಗ ಪಿನ್ನನ್ನು ಸ್ಥಿರವಾಗಿ ಇಡುವ ಒಳಗಿನ ಪುಲ್-ಅಪ್ ಚಾಲೂ ಮಾಡಿದರೆ ಹೊರಗಿನಿಂದ ಬೇರೆ ರೆಸಿಸ್ಟರ್ ಬೇಡ.

ನನಗೆ ಪ್ರೋಗ್ರಾಮಿಂಗ್ ಹೊಸದು. ಆದರೆ ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಂಡ ಮೇಲೆ ಕಷ್ಟ ಅನ್ನಿಸಲಿಲ್ಲ. ಗುಂಡಿ ಒತ್ತಿದಾಗ ಸ್ಪೇಸ್ ಒಂದೇ ಒಂದು ಸಲ ಕಳಿಸು. ಎಷ್ಟು ಹೊತ್ತು ಒತ್ತಿ ಹಿಡಿದರೂ ಇನ್ನೊಂದು ಕಳಿಸಬೇಡ. ಕೈ ಬಿಟ್ಟ ಮೇಲೆ 1500 ಮಿಲಿಸೆಕೆಂಡ್ ಏನೇ ತಾಗಿದರೂ ಲೆಕ್ಕಕ್ಕೆ ಇಡಬೇಡ. ಆಮೇಲೆ ಮತ್ತೆ ಸಿದ್ಧವಾಗು. ಇಷ್ಟೇ. ಪೂರ್ತಿ ಪ್ರೋಗ್ರಾಂ 20 ಸಾಲು ಇಲ್ಲ. ಶುರುವಿನಲ್ಲಿ 3 ಸೆಕೆಂಡ್ ಸುಮ್ಮನಿರು ಎಂದೂ ಸೇರಿಸಿ. ಇಲ್ಲದಿದ್ದರೆ ಪ್ರೋಗ್ರಾಂ ತಪ್ಪಾದಾಗ ಬೋರ್ಡು ಚುಚ್ಚಿದ ಕೂಡಲೇ ಸ್ಪೇಸ್ ಸುರಿಸತೊಡಗುತ್ತದೆ, ತಿದ್ದಲೂ ಬಿಡುವುದಿಲ್ಲ.

ಈ ಬೋರ್ಡಿನ ಯುಎಸ್‌ಬಿ ಸಾಕೆಟ್ ಬಹಳ ನಾಜೂಕು, ಎಳೆದರೆ ಕಿತ್ತು ಬರುತ್ತದೆ. ಸುತ್ತ ಎಂ-ಸೀಲ್ ಮೆತ್ತಿ, ಸೋಪಿನ ಡಬ್ಬಿಯಲ್ಲಿ ಕೂರಿಸಿದೆ.

ಹಾಜರಿ

ಕಥೆ ಓದುವುದು ಸರಿಯಾಯಿತು. ಆದರೆ ನನ್ನ ಮನಸ್ಸಿನಲ್ಲಿ 19ನೇ ನಂಬರೇ ಇತ್ತು. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ತಂತ್ರಾಂಶದಲ್ಲಿ ಎರಡೇ ಬ್ಲಾಕ್: ಸ್ಪೇಸ್ ಒತ್ತಿದಾಗ, ಈ ಧ್ವನಿ ನುಡಿಸು. ಯಾರ ಧ್ವನಿ? ನಾನೇ ಹೇಳಿ ರೆಕಾರ್ಡ್ ಮಾಡಬಹುದಿತ್ತು. ಆದರೆ 13 ವರ್ಷದ ಹುಡುಗಿ ಟೀಚರ್ ದನಿಯಲ್ಲಿ ಯಾಕೆ ಮಾತಾಡಬೇಕು, ಅಲ್ವಾ? ಅವಳ ಕ್ಲಾಸಿನ ಮೂವರು ಹುಡುಗಿಯರಿಂದ "ಪ್ರೆಸೆಂಟ್ ಮಿಸ್" ಹೇಳಿಸಿ, ಒಂದೊಂದಾಗಿ ಕೇಳಿಸಿದೆ. ಮೊದಲನೆಯದಕ್ಕೆ ಮುಖ ತಿರುಗಿಸಿದಳು. ಎರಡನೆಯದಕ್ಕೂ. ಮೂರನೆಯದು ಪಕ್ಕದ ಗೆಳತಿಯದಲ್ಲ, ಹಿಂದಿನ ಬೆಂಚಿನ ಒಬ್ಬ ಗಟ್ಟಿ ಗಂಟಲಿನ ಹುಡುಗಿಯದು. ಕಣ್ಣು ಮೇಲೆತ್ತಿದಳು. ಗೆಳತಿಗೆ ಸ್ವಲ್ಪ ಬೇಜಾರಾಯಿತು. ಆದರೆ ಆರಿಸಿದ್ದು ಅವಳು.

ಮರುದಿನ ಹಾಜರಿ ಕರೆದೆ. 18. 19. ಕಾದೆ. ನಾಲ್ಕು ಸೆಕೆಂಡ್ ಆಗಿರಬಹುದು, ಕ್ಲಾಸಿನಲ್ಲಿ ಅದು ಬಹಳ ಉದ್ದ. ಟಕ್. "ಪ್ರೆಸೆಂಟ್ ಮಿಸ್!" ಹಿಂದಿನ ಬೆಂಚಿನವಳು "ನನ್ನ ವಾಯ್ಸು!" ಎಂದು ಎದ್ದು ನಿಂತಳು. ನಾನು 20 ಕರೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಸೂಕ್ಷ್ಮಜೀವಿಗಳ ಪಾಠಕ್ಕೆ ಪ್ರಶ್ನೆ ಆಟ ಮಾಡಿದೆ. ಪರದೆ ಮೇಲೆ ನಾಲ್ಕು ಉತ್ತರ, ಒಂದಾದ ಮೇಲೊಂದು ಮೂರು ಮೂರು ಸೆಕೆಂಡ್ ಹಳದಿಯಾಗುತ್ತಾ ಹೋಗುತ್ತವೆ. ಬೇಕಾದದ್ದು ಹಳದಿಯಾದಾಗ ತಳ್ಳಬೇಕು. ಹಾಲು ಮೊಸರಾಗಲು ಕಾರಣ ಯಾವುದು? ಅವಳು ಲ್ಯಾಕ್ಟೋಬ್ಯಾಸಿಲಸ್ ಎರಡು ಸಲ ಹಾದುಹೋಗಲು ಬಿಟ್ಟಳು. ಗೊತ್ತಿಲ್ಲ ಅಂದುಕೊಂಡೆ. ಮೂರನೇ ಸುತ್ತಿನಲ್ಲಿ ಸರಿಯಾಗಿ ತಳ್ಳಿದಳು. ಗೊತ್ತಿತ್ತು, ಕೈ ಸಿದ್ಧವಾಗಲು ಸಮಯ ಬೇಕಿತ್ತು. ಮೂರು ಸೆಕೆಂಡನ್ನು ಐದಕ್ಕೆ ಏರಿಸಿದೆ.

ಇದೇ ಆಟಕ್ಕೆ ನನ್ನ ಜೊತೆಯ ಇಂಟರ್ನ್ ಒಬ್ಬರು ಪ್ರಶ್ನೆಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲ. 'ಕನ್ನಡ' ಎಂಬ ಪದ ಇದ್ದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀರು ಇರುವ ಎ, ಪೌಂಡ್ ಗುರುತು. ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಇಡುವ ಸಂಕೇತಕ್ಕೆ ಬದಲಿಸಿದೆ. ಕಣ್ಣು ಕಾಣುವವರಿಗೆ ಇದು ಫಾಂಟ್ ಹಾಕಿಕೊಂಡರೆ ಮುಗಿಯುವ ಮಾತು. ಆದರೆ ಎನ್‌ವಿಡಿಎ ಥರದ ಪರದೆ ಓದುವ ತಂತ್ರಾಂಶ ಬಳಸುವ ಮಗುವಿಗೆ ಫಾಂಟ್ ಹಾಕಿದರೂ ಆ ಸಾಲು ಪೌಂಡ್ ಎಂದೇ ಕೇಳಿಸುತ್ತದೆ. ಟೀಚರ್ ಆಗಲಿರುವ ನಾವೆಲ್ಲ ನೋಟ್ಸು, ಪ್ರಶ್ನೆಪತ್ರಿಕೆ ಯಾವುದನ್ನೇ ಟೈಪ್ ಮಾಡಿದರೂ ಯೂನಿಕೋಡ್‌ನಲ್ಲೇ ಮಾಡೋಣ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ರಿಪೇರಿ

11ನೇ ವಾರ ಸ್ವಿಚ್ ಸತ್ತಿತು. ಒಮ್ಮೆ ಕೆಲಸ ಮಾಡುವುದು, ಒಮ್ಮೆ ಇಲ್ಲ. ಪ್ಲಗ್ ಬುಡದಲ್ಲಿ ತಂತಿ ಒಳಗೇ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇತ್ತು, ಮೀಟರ್ ಹಿಡಿದು ತಂತಿ ಬಗ್ಗಿಸಿದಾಗ ಬೀಪ್ ಬಂದು ಹೋಗುತ್ತಿತ್ತು. ಆ ಎರಡು ದಿನ ಹಾಜರಿಯಲ್ಲಿ ಅವಳು ಮತ್ತೆ ಸುಮ್ಮನೆ ಕೂತಳು. ನನಗೆ ಅದನ್ನು ನೋಡಲು ಆಗಲಿಲ್ಲ. ಎರಡು ಇಂಚು ಕತ್ತರಿಸಿ ಹೊಸದಾಗಿ ಬೆಸೆದೆ, ಬುಡಕ್ಕೆ ಖಾಲಿ ಬಾಲ್‌ಪೆನ್ನಿನ ಸ್ಪ್ರಿಂಗ್ ತೂರಿಸಿ ಟೇಪ್ ಸುತ್ತಿದೆ. ತಂತಿಯನ್ನು ಪ್ಲೈವುಡ್ಡಿಗೆ ಒಂದು ಕಡೆ ಕಟ್ಟಿದೆ, ಎಳೆತ ಬೆಸುಗೆಗೆ ಬೀಳದಂತೆ. ಇದನ್ನು ಮೊದಲೇ ಮಾಡಬೇಕು. ಜೊತೆಗೆ ಇನ್ನೊಂದು ಪೂರ್ತಿ ಸ್ವಿಚ್ ಮಾಡಿ ಬೀರುವಿನಲ್ಲಿ ಇಟ್ಟೆ.

ಒಟ್ಟು ಖರ್ಚು ಮೌಸು, ತಂತಿ, ಪ್ಲಗ್ಗು, ಸಾಕೆಟ್ಟು ಎಲ್ಲ ಸೇರಿ 760 ರೂಪಾಯಿ. ಎರಡನೇ ಸ್ವಿಚ್ಚಿಗೆ ಬೋರ್ಡ್, ಕ್ಲ್ಯಾಂಪ್ ಬೇಕಿರಲಿಲ್ಲ, 70 ರೂಪಾಯಿಯಲ್ಲಿ ಆಯಿತು.

ಸೋಪಿನ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಯಾವ ತಂತಿ ಎಲ್ಲಿಗೆ, ಕಾಯುವ ಸಮಯ ಬದಲಿಸುವ ಸಾಲು ಯಾವುದು, ಯಾವ ತಾರೀಖು ಎಷ್ಟಿತ್ತು. ಶುರುವಿನಲ್ಲಿ 1500 ಇತ್ತು. ಮೂರು ವಾರದ ಮೇಲೆ ಅವಳಿಗೇ ಅದು ನಿಧಾನ ಅನ್ನಿಸಿತು. ತಳ್ಳಿ, ಪುಟ ಬರದೆ, ನನ್ನ ಕಡೆ ನೋಡುತ್ತಿದ್ದಳು. 1200 ಮಾಡಿದೆ. ಆಮೇಲೆ 900. ಹೋದ ಶನಿವಾರ ಅವಳನ್ನು ಕೇಳಿ 700ಕ್ಕೆ ಇಳಿಸಿದೆ. ಒಂದು ಕಥೆಯಲ್ಲಿ ಎರಡು ಪುಟ ಹಾರಿದವು. ಇನ್ನೂ ಸ್ವಲ್ಪ ಏರಿಸಲಾ ಅಂತ ಕೇಳಿದೆ, ಕಣ್ಣು ಮೇಲೆತ್ತಿದಳು. 800ಕ್ಕೆ ಇಟ್ಟು, ಚೀಟಿಯಲ್ಲಿ ಬರೆದು ಬಂದೆ.